ಎಡಕ್ಕೆ ತಿರುಗಿದ ಬಾಣ

ಅಂಬುಜ ಆ ಸಂಜೆ ಜಗಲಿಗೆ ಬಂದಾಗ ಅವಳ ಎಡಗೈ ಕೊರಳ ಮೇಲಿತ್ತು. ನಮ್ಮೂರಿನವರಿಗೆ ಅಷ್ಟು ಕಂಡರೆ ಸಾಕು, ಬಾಯಿಬಿಟ್ಟು ಕೇಳಬೇಕಾಗಿಲ್ಲ. ಯಾರಿಗೋ ಇ-ಮೇಲ್ ಕಳಿಸಿದ್ದಾಳೆ, ಕೊರಳೂ ಅದರ ಜೊತೆ ಹೋಗಿದೆ, ಇನ್ನೂ ಮರಳಿಲ್ಲ. ನಾನು ಚಾಪೆ ಹಾಸಿ, ದೀಪದ ಬತ್ತಿ ಸರಿಮಾಡಿ, ವ್ಯಾಸಪೀಠದ ಮೇಲೆ ಪುಸ್ತಕ ತೆರೆದಿಟ್ಟು ಕೂತಿದ್ದೆ. ಅವಳು ಪುಸ್ತಕವನ್ನು ನೋಡಿದಳು, ನನ್ನನ್ನು ನೋಡಿದಳು, ಸೆರಗಿನ ತುದಿಯಿಂದ ಹಾಳೆಯನ್ನೊಮ್ಮೆ ಒರೆಸಿ ಮೆಲ್ಲಗೆ ಮುಚ್ಚಿಟ್ಟಳು. ಮದುವೆಯಾದಂದಿನಿಂದ ನಮ್ಮ ಜಗಲಿಯಲ್ಲಿ ಕಾವ್ಯವಾಚನವಿಲ್ಲದ ಸಂಜೆ ಅದೇ ಮೊದಲು.

ಬೇರೆಯವರ ಮನೆಯಲ್ಲಾಗಿದ್ದರೆ ಇದು ದೊಡ್ಡ ಮಾತಲ್ಲ. ಮೇಲ್ ಕಳಿಸಿದವರ ಕೊರಳು ಓದುವವರ ಮನೆಗೆ ಹೋಗಿ, ಬರೆದದ್ದನ್ನು ಹೇಳಿ, ಅವರು ಹಿಂತಿರುಗಿಸುವವರೆಗೂ ಅಲ್ಲೇ ಕೂತಿರುವುದು ನಮ್ಮಲ್ಲಿ ಹಸಿವು ನಿದ್ದೆಯಷ್ಟೇ ಸಹಜ. ಬಸ್ಸಿನ ಕಂಡಕ್ಟರನ ಕೊರಳು ಹೋಗಿದ್ದರೆ ಅವನು ಬಾಗಿಲ ತಗಡು ಬಡಿಯುತ್ತಾನೆ, ಇಳಿಯುವವರು ಇಳಿಯುತ್ತಾರೆ. ಸೊಪ್ಪಿನವಳ ಕೊರಳು ಹೋಗಿದ್ದರೆ ಅವಳ ಪಕ್ಕದ ಬದನೆಕಾಯಿಯವಳೇ ಇಬ್ಬರ ಪರವಾಗಿಯೂ ಕೂಗುತ್ತಾಳೆ. ಜಗಳದ ನಡುವೆ ಮಾತು ಸೋಲುವ ಹೊತ್ತಿಗೆ ತವರಿಗೊಂದು ಮೇಲ್ ಕಳಿಸಿ, ಕೊರಳ ಮೇಲೆ ಕೈಯಿಟ್ಟು ಮುಗುಳ್ನಗುತ್ತ ನಿಲ್ಲುವ ಸೊಸೆಯರೂ ಇದ್ದಾರೆ. ಬಂದ ಮೇಲನ್ನು ಒಲೆಯ ಮೇಲಿನ ಹಾಲು ಉಕ್ಕುವುದರೊಳಗೆ ಹಿಂತಿರುಗಿಸುವುದು ಮರ್ಯಾದೆ. ತಡಮಾಡಿದವರ ಮನೆಗೆ ಹೆಣ್ಣು ಕೊಡಲು ಜನ ಹಿಂದೆಮುಂದೆ ನೋಡುತ್ತಾರೆ.

ಬಾಣಗಳ ಪಾಠ ನಮ್ಮ ಮಕ್ಕಳಿಗೆ ಕಾಗುಣಿತದ ಜೊತೆಗೇ ಆಗುತ್ತದೆ. ಎಡಕ್ಕೆ ಬಾಗಿದ ಬಾಣ ಒತ್ತಿದರೆ ಕೊರಳು ಕಳಿಸಿದವರಿಗೆ ಮರಳುತ್ತದೆ. ಎಡಕ್ಕೆ ಬಾಗಿದ ಜೋಡಿ ಬಾಣ ಒತ್ತಿದರೆ ಆ ಮೇಲ್ ಯಾರ್ಯಾರಿಗೆ ಹೋಗಿತ್ತೋ ಅವರಿಗೆಲ್ಲ ಚೂರುಚೂರಾಗಿ ಹಂಚಿಹೋಗುತ್ತದೆ. ನೀರಿನ ಸಂಘದ ಕಾರ್ಯದರ್ಶಿ ಒಮ್ಮೆ ಹೀಗಾಗಿ ಒಂದು ಮಳೆಗಾಲ ಪೂರ್ತಿ ಕೀಚಲು ದನಿಯಲ್ಲಿ ಮಾತಾಡಿದ. ಬಲಕ್ಕೆ ಬಾಗಿದ ಬಾಣ ಒತ್ತಿದರೆ ಕೊರಳು ಇನ್ನೊಬ್ಬರ ಮನೆಗೆ ದಾಟುತ್ತದೆ. ಮೇಲ್ ಯಾರ ಹೆಸರಿಗೆ ಬಂದಿದೆಯೋ ಅವರ ಬೆರಳಿಗೆ ಮಾತ್ರ ಬಾಣ ಬಗ್ಗುತ್ತದೆ, ಪಕ್ಕದವರು ಒತ್ತಿದರೆ ಕಲ್ಲು ಒತ್ತಿದ ಹಾಗೆ. ಇಷ್ಟು ತಿಳಿದಿದ್ದರೆ ಬಾಳು ಸಾಗುತ್ತದೆ.

ನನ್ನ ಹೆಸರು ಸೀತಾಪತಿ. ಊದಿನಕಡ್ಡಿ, ಕರ್ಪೂರ, ಹೂಬತ್ತಿ ಮಾರುವ ಚಿಕ್ಕ ಅಂಗಡಿ ನನ್ನದು. ತಾತ ಹಾಡುತ್ತಿದ್ದ ಷಟ್ಪದಿಗಳನ್ನು ತೊಟ್ಟಿಲಲ್ಲಿ ಮಲಗಿ ಕೇಳಿದವನು ನಾನು. ದೇವರು ನನಗೆ ಕೊರಳು ಕೊಡುವುದನ್ನು ಮರೆತು ಎರಡೂ ಕೈತುಂಬ ಕಿವಿ ಕೊಟ್ಟ. ಅದಕ್ಕೇ ಇರಬೇಕು, ಅಂಬುಜಳಂಥ ವಾಚನಗಾರ್ತಿಯನ್ನು ನನಗೆ ಗಂಟುಹಾಕಿದ. ಅವಳು ಓದುತ್ತಾಳೆ, ನಾನು ಕೇಳುತ್ತೇನೆ. ಬೇರೆ ಗಂಡ ಹೆಂಡಿರು ಏನೇನು ಮಾತಾಡಿಕೊಳ್ಳುತ್ತಾರೋ ನನಗೆ ತಿಳಿಯದು. ನಮ್ಮಿಬ್ಬರ ನಡುವೆ ಇದ್ದದ್ದು ಇದು. ಅವಳ ಕೊರಳು ಇಲ್ಲದೆ ಹೋದರೆ ನಮ್ಮ ಮನೆಯಲ್ಲಿ ಉಳಿಯುವುದು ಪಾತ್ರೆ ಪಡಗ ಮಾತ್ರ.

“ಯಾರಿಗೆ ಕಳಿಸಿದೆ?” ಎಂದು ಕೇಳಿದೆ. ಅವಳು ಎದ್ದು ಒಂದು ಕಾಲು ಎಳೆಯುತ್ತ ಜಗಲಿಯ ಈ ತುದಿಯಿಂದ ಆ ತುದಿಗೆ ಕುಂಟಿದಳು. ಆಮೇಲೆ ಮೂಗಿನ ಮೇಲೆ ಬೆರಳಿಟ್ಟು ಹುಬ್ಬು ಗಂಟಿಕ್ಕಿ ಗದರಿಸುವಂತೆ ನೋಡಿದಳು. ತುಂಗಕ್ಕ!

ತುಂಗಕ್ಕ ಅಂಬುಜಳ ಒಡಹುಟ್ಟಿದ ಅಕ್ಕ. ಕೆರೆಕೆಳಗಿನ ಬೀದಿಯಲ್ಲಿ ಒಬ್ಬಳೇ ಇರುತ್ತಾಳೆ. ಮಡಿಯವಳು, ಆದರೆ ಹುಳಿಮನಸ್ಸಿನವಳಲ್ಲ. ಪ್ರತಿ ಸಂಜೆ ತಪ್ಪದೆ ನಮ್ಮ ಜಗಲಿಗೆ ಬಂದು ಕಂಬಕ್ಕೊರಗಿ ತಂಗಿಯ ವಾಚನ ಕೇಳುತ್ತಿದ್ದಳು. ಬಾವಿಕಟ್ಟೆಯಲ್ಲಿ ಜಾರಿ ಪಾದ ಮುರಿದುಕೊಂಡ ಮೇಲೆ ಬರುವುದು ನಿಂತಿತ್ತು. ಅಕ್ಕನಿಗೆ ಕೇಳದೆ ಹೋಯಿತಲ್ಲ ಎಂದು ಅಂಬುಜ ಪದ್ಯದ ಅರ್ಧವನ್ನು ಮೇಲ್ ಮಾಡಿದ್ದಳು. ಎಂಥ ಪ್ರೀತಿಯ ಕೆಲಸ! ಆದರೆ ತುಂಗಕ್ಕನಿಗೆ ಊರಿನಲ್ಲಿ ಯಾರೂ ಮೇಲ್ ಕಳಿಸುವುದಿಲ್ಲ. ಆಕೆ ಎಡಕ್ಕೆ ಬಾಗಿದ ಬಾಣ ಒತ್ತುವವಳಲ್ಲ. ದೇವರಿಗೆ ಬಲಕ್ಕೆ ಸುತ್ತು ಬರುತ್ತೇವೆ, ಅಶ್ವತ್ಥಕ್ಕೆ ಬಲಕ್ಕೆ ಸುತ್ತು ಬರುತ್ತೇವೆ. ಎಡಕ್ಕೆ ಸುತ್ತುವುದು ಚಿತೆಯನ್ನು ಮಾತ್ರ. ಅದು ಆಕೆಯ ವಾದ. ಏನು ಹೇಳಬೇಕಿದ್ದರೂ ನಾವೇ ಹೋಗಿ ಹೇಳಿಬರುತ್ತಿದ್ದೆವು, ಅಷ್ಟಕ್ಕೆ ಮುಗಿಯುತ್ತಿತ್ತು.

“ಗೊತ್ತಿದ್ದೂ ಕಳಿಸಿದೆಯಾ?” ಎಂದೆ. ಅಂಬುಜ ಅಂಗೈಯನ್ನು ಎದೆಗಿಟ್ಟುಕೊಂಡು ತಲೆಯಾಡಿಸಿದಳು. ತಂಗಿಯ ಕೊರಳಲ್ಲವೇ, ನನ್ನ ಸಲುವಾಗಿ ಒಂದು ಸಲ ಒತ್ತದೆ ಇರುತ್ತಾಳೆಯೇ ಎಂದು ಅದರ ಅರ್ಥ.

ಬೆಳಗಾಗುತ್ತಲೇ ಕೆರೆಕೆಳಗಿನ ಬೀದಿಗೆ ನಡೆದೆ. ತುಂಗಕ್ಕ ಪಟ್ಟಿ ಸುತ್ತಿದ ಪಾದವನ್ನು ಮಣೆಯ ಮೇಲಿಟ್ಟುಕೊಂಡು ಹೂಬತ್ತಿ ಹೊಸೆಯುತ್ತಿದ್ದಳು. ಮಗ್ಗುಲಲ್ಲಿ ಕಂಪ್ಯೂಟರಿಗೆ ಮಡಿಬಟ್ಟೆಯ ಹೊದಿಕೆ.

“ಬನ್ನಿ ಬನ್ನಿ. ನಿನ್ನೆ ಬಂತಪ್ಪ ಅಂಬೂದು. ಒಂದಲ್ಲ ಎರಡಲ್ಲ, ಸಾಕಾಗೋವರೆಗೂ ಕೇಳಿದೆ. ಕಣ್ಣಲ್ಲಿ ನೀರು ನಿಲ್ಲಲಿಲ್ಲ. ನಮ್ಮಪ್ಪ ಇದ್ದಿದ್ರೆ ಎಷ್ಟು ಹಿಗ್ಗುತ್ತಿದ್ರೋ!”

“ಅಕ್ಕ, ಅವಳ ಕೊರಳು ಇನ್ನೂ ಬಂದಿಲ್ಲ” ಎಂದೆ.

“ಬರುತ್ತೆ, ಬರುತ್ತೆ. ನಾನು ಆಗಲೇ ಕಳಿಸಿಯಾಯ್ತು. ಅವಳ ಕೊರಳು ಇಟ್ಕೊಂಡು ನಾನೇನು ಉಪ್ಪಿನಕಾಯಿ ಹಾಕ್ಲಾ?”

ನನಗೆ ಹೋದ ಜೀವ ಬಂದಂತಾಯಿತು. “ಎಡಗಡೆಯ ಬಾಣ ಒತ್ತಿದಿರಾ?”

“ಶಿವಶಿವಾ! ಬೆಳಿಗ್ಗೆ ಬೆಳಿಗ್ಗೆ ಎಂಥ ಮಾತಾಡ್ತೀರಿ?” ತುಂಗಕ್ಕ ಬತ್ತಿ ಬಿಟ್ಟು ಕೆನ್ನೆಗೆ ಬಡಿದುಕೊಂಡಳು. “ಬಲಗಡೇದು ಒತ್ತಿದೆ. ದೇವರ ಮೇಲಿನ ಹೂ ತಂದಿಟ್ಟು, ಕೈಮುಗಿದು ಒತ್ತಿದೆ. ಬಲಕ್ಕೆ ಹೊರಟದ್ದು ಊರೆಲ್ಲ ಸುತ್ತಿ ಹೊರಟಲ್ಲಿಗೇ ಬಂದು ನಿಲ್ಲಬೇಕಲ್ಲ? ಗುಡಿ ಸುತ್ತೋರು ಎಲ್ಲಿಗೆ ಬರ್ತಾರೆ ಹೇಳಿ, ಮತ್ತೆ ಬಾಗಿಲಿಗೇ ತಾನೆ? ನಾಲ್ಕು ಜನ ಒಳ್ಳೆಯೋರ ಕಿವಿಗೂ ಬಿದ್ದ ಹಾಗಾಯ್ತು, ಪ್ರದಕ್ಷಿಣೆ ಪುಣ್ಯಾನೂ ಬಂದ ಹಾಗಾಯ್ತು.”

ಇಷ್ಟು ವರ್ಷ ಈಕೆ ಎಡಬಾಣವನ್ನು ಒತ್ತುವುದಿಲ್ಲ ಎಂದಷ್ಟೇ ತಿಳಿದಿದ್ದೆ. ಬಲಬಾಣವನ್ನು ಪ್ರದಕ್ಷಿಣೆ ಎಂದುಕೊಂಡಿದ್ದಾಳೆ ಎಂಬುದು ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಅದು ಸುತ್ತುವ ಬಾಣವಲ್ಲ, ದೂರ ಹೋಗುವ ಬಾಣ ಎಂದು ಹೇಳಬೇಕೆಂದು ಬಾಯಿ ತೆರೆದೆ. ಆ ಮುಖದಲ್ಲಿದ್ದ ಸಂತೋಷ ಕಂಡು ಅದನ್ನು ಬಿಟ್ಟು ಬೇರೆಯದನ್ನೇ ಕೇಳಿದೆ.

“ಯಾರ ಹೆಸರಿಗೆ ಕಳಿಸಿದಿರಿ?”

“ಒತ್ತಿದ ತಕ್ಷಣ ಹೆಸರು ಕೇಳ್ತು. ಮೊದಲು ಕಂಡದ್ದು ಗಾಣದ ಗುರುಸಿದ್ದಪ್ಪಂದು. ಎಣ್ಣೆ ಕೊಡೋನು, ಶಿವಭಕ್ತ. ಅವನಿಗೇ ಕಳಿಸ್ದೆ. ಯಾಕೆ, ಬೆವರ್ತಿದ್ದೀರಲ್ಲ? ಮಜ್ಜಿಗೆ ತಗೊಳ್ಳಿ.”

ಮಜ್ಜಿಗೆ ಕುಡಿಯದೆ ಗಾಣದ ಕಡೆಗೆ ಓಡಿದೆ. ಓಡುವಾಗ ಕಣ್ಣ ಮುಂದೆ ನಿಂತದ್ದು ಗಡಿಯಾರ ರಿಪೇರಿಯ ಪುಟ್ಟಾಚಾರಿ. ಅವನ ಕೊರಳೂ ಹೀಗೇ ಕೈಯಿಂದ ಕೈಗೆ ದಾಟಿಹೋಗಿತ್ತು. ಬಹಳ ಕಾಲದ ಮೇಲೆ ಮರಳಿ ಬಂದಾಗ ಸವೆದು ಸವೆದು ಯಾರದೋ ಕೊರಳಾಗಿತ್ತು, ಅವನ ಮಗಳೇ ಒಳಮನೆಯಿಂದ “ಯಾರದು?” ಎಂದು ಕೇಳಿದಳಂತೆ. ಅಂದಿನಿಂದ ಅವನು ಮಾತಾಡುವುದನ್ನೇ ಬಿಟ್ಟ. ಮಾತಿನ ಕೊರಳು ಸವೆದರೆ ಹೇಗೋ ಬದುಕಬಹುದು. ವಾಚನದ ಕೊರಳು ಸವೆದರೆ?

ಗುರುಸಿದ್ದಪ್ಪ ಗಾಣದ ಎತ್ತಿನ ಹಿಂದೆ ಹಿಂಡಿ ಕೆರೆಯುತ್ತ ಕೂತಿದ್ದ. ನನ್ನನ್ನು ಕಂಡವನೇ ಎಣ್ಣೆಗೈಯಲ್ಲೇ ಎದ್ದು ನಮಸ್ಕಾರ ಮಾಡಿದ. “ಏನ್ ಕಂಠ ಸ್ವಾಮಿ, ಏನ್ ಕಂಠ! ನಿಮ್ಮನೆಯೋರ ದನಿ ಕೇಳಿ ನಮ್ಮ ಎತ್ತು ನಿಂತುಬಿಡ್ತು ನೋಡಿ, ಕಿವಿ ನಿಮಿರಿಸ್ಕೊಂಡು. ನಮ್ಮ ಅಣ್ಣಂದಿರ್ಗೂ ಹೇಳ್ದೆ, ಎತ್ತಿಗೆ ಇರೋ ಜ್ಞಾನ ನಿಮಗಿಲ್ಲ ಕಣ್ರೋ ಅಂತ.”

“ಗುರುಸಿದ್ದಪ್ಪ, ಆ ಕೊರಳು ಎಲ್ಲಿದೆ?”

“ಎಲ್ಲಿ ಅಂದ್ರೆ? ಮೆಹಬೂಬಿಗೆ ಕಳಿಸ್ದೆ.” ನನ್ನ ಮುಖ ನೋಡಿ ಅವನ ಉತ್ಸಾಹ ಇಳಿಯಿತು. “ಬಲಬಾಣದಲ್ಲಿ ಬಂದಿತ್ತಲ್ಲ ಸ್ವಾಮಿ. ಮುಂದಕ್ಕೆ ದಾಟ್ಸೋ ಮೇಲು ಅಂದ್ಕೊಂಡೆ, ಮದುವೆ ಕರೆಯೋಲೆ ಥರ. ಇಂಥದ್ದನ್ನ ಒಬ್ಬನೇ ಇಟ್ಕೊಳ್ಳೋದು ಪಾಪ ಅನ್ನಿಸ್ತು. ಆಯಮ್ಮನಿಗೆ ಪದ ಕಂಡ್ರೆ ಪ್ರಾಣ, ಹೊಲಿಯೋವಾಗ್ಲೂ ಗುನುಗ್ತಿರ್ತಾಳೆ. ತಪ್ಪಾಯ್ತಾ?”

ತಪ್ಪಾಯಿತು ಎಂದು ಹೇಗೆ ಹೇಳಲಿ? ಚೆನ್ನಾಗಿದ್ದದ್ದನ್ನು ಇನ್ನೊಬ್ಬರಿಗೆ ಕೇಳಿಸಿದ. ನನ್ನ ಹೆಂಡತಿಯ ಕೊರಳು ಕೆಟ್ಟದ್ದಾಗಿದ್ದರೆ ಅವನ ಮನೆಯಲ್ಲೇ ಕೂತಿರುತ್ತಿತ್ತು.

ದರ್ಜಿ ಮೆಹಬೂಬಿಯ ಅಂಗಡಿ ನಮ್ಮ ಬೀದಿಯಲ್ಲೇ. ಅಲ್ಲಿಗೆ ಹೋಗಬೇಕೆಂದು ತಿರುವಿನಲ್ಲಿ ಬರುವಾಗ ಅಂಬುಜ ಮನೆಯ ಮೆಟ್ಟಿಲ ಮೇಲೆ ನಿಂತು ಎರಡೂ ಕೈ ಬೀಸಿ ಕರೆಯುತ್ತಿದ್ದಳು. ಒಳಗೆ ಹೋದೆ. ನಡುಮನೆಯ ಕಂಪ್ಯೂಟರಿನಲ್ಲಿ ನನ್ನ ಹೆಸರಿಗೆ ಮೇಲ್ ಬಂದಿತ್ತು, ಮೆಹಬೂಬಿಯಿಂದ. ಪಕ್ಕದಲ್ಲಿ ಬಲಕ್ಕೆ ಬಾಗಿದ ಬಾಣ. ಅಂಬುಜ ನನ್ನ ಭುಜ ಹಿಡಿದು ಕೂರಿಸಿದಳು. ತೆರೆದೆ.

ನಡುಮನೆಯಲ್ಲಿ ಅವಳ ಕೊರಳು ಎದ್ದು ನಿಂತಿತು. “ಹೊಳೆಯ ನೀರಿಗೆ ಯಾರ ಸನ್ನೆಯು, ಸುಳಿಯು ಹೇಳಿತೆ ದಂಡೆ ಹೇಳಿತೆ, ಇಳಿದ ದಾರಿಯೆ ಅದರ ಗುರುವೆಂದೊಲಿದು ನಡೆದುದಲ.”

ನಾನು ಅಷ್ಟು ವರ್ಷ ಕೇಳಿದ ದನಿ. ಆದರೆ ಅದು ಬಂದದ್ದು ಗೋಡೆಯ ಕಡೆಯಿಂದ. ಅದರ ಒಡತಿ ನನ್ನ ಹಿಂದೆ ತುಟಿ ಬಿಗಿದು ನಿಂತಿದ್ದಳು. ತಿರುಗಿ ನೋಡಿದೆ. ಅವಳ ಕಣ್ಣುಗಳು ಅಗಲವಾಗಿ ತೆರೆದಿದ್ದವು, ತನ್ನದೇ ಸೀರೆಯುಟ್ಟು ಇನ್ನೊಬ್ಬಳು ಮನೆಯೊಳಗೆ ಓಡಾಡುವುದನ್ನು ಕಂಡವಳ ಹಾಗೆ. ಅವಳು ಬಾಯಿ ತೆರೆದು ಆ ದನಿಯ ಜೊತೆ ತುಟಿ ಆಡಿಸಿದಳು. ಏನೂ ಹೊರಡಲಿಲ್ಲ. ಬಲಬಾಣದಲ್ಲಿ ಬಂದ ಕೊರಳು ಮನೆಗೆ ಬರುತ್ತದೆಯೇ ಹೊರತು ಗಂಟಲಿಗೆ ಇಳಿಯುವುದಿಲ್ಲ ಎಂದು ಆಗ ಕಣ್ಣಾರೆ ಕಂಡೆ.

ಇನ್ನೊಂದು ಸಂಗತಿ ನನ್ನ ಕಿವಿಗೆ ಬಿತ್ತು. ಅದು ಬೇರೆ ಯಾರಿಗೂ ಬೀಳುತ್ತಿರಲಿಲ್ಲ. ‘ನಡೆದುದಲಾ’ ಎಂಬಲ್ಲಿ ಕೊನೆಯ ಅಕ್ಷರ ಗುರು. ಅಂಬುಜ ಅದನ್ನು ನೀಳವಾಗಿ ಎಳೆದು, ದೀಪದ ಕುಡಿಯಂತೆ ಸಣ್ಣಗೆ ಮಾಡಿ ನಿಲ್ಲಿಸುತ್ತಾಳೆ. ಈಗ ಅದು ತುಂಡಾಗಿತ್ತು. ‘ನಡೆದುದಲ’ ಅಷ್ಟೇ. ಗುರು ಸವೆದು ಲಘುವಾಗಿತ್ತು. ಮೂರು ಮನೆ ದಾಟಿದ್ದಕ್ಕೇ ಇಷ್ಟು.

ಎಡಕ್ಕೆ ಬಾಗಿದ ಬಾಣ ಕಣ್ಣ ಮುಂದೆಯೇ ಇತ್ತು. ಕೊರಳನ್ನು ಹಿಂತಿರುಗಿಸುವ ಬಾಣ ಅದು. ಕೊರಳಿನವಳು ನನ್ನ ಬೆನ್ನ ಹಿಂದೆಯೇ ಇದ್ದಾಳೆ. ಇನ್ನೇನು ಯೋಚಿಸುವುದು? ಒತ್ತಿಬಿಟ್ಟೆ.

ನಡುಮನೆ ಖಾಲಿಯಾಯಿತು. ತಿರುಗಿ, “ಮಾತಾಡು” ಎಂದೆ. ಅಂಬುಜ ಬಾಯಿ ತೆರೆದಳು. ಏನೂ ಇಲ್ಲ. ಅವಳು ಎರಡೂ ಕೈಯಲ್ಲಿ ನನ್ನ ಅಂಗಿಯ ಎದೆಯನ್ನು ಹಿಡಿದು ಜಗ್ಗಾಡಿದಳು. ಅಷ್ಟರಲ್ಲಿ ಬೀದಿಯಿಂದ ಕೂಗು ಕೇಳಿತು. ಅಳತೆಯ ಪಟ್ಟಿಯನ್ನು ಕೊರಳಿಗೆ ಸುತ್ತಿಕೊಂಡ ಮೆಹಬೂಬಿ ಚಪ್ಪಲಿಯಿಲ್ಲದೆ ಓಡಿಬರುತ್ತಿದ್ದಳು.

“ಅಣ್ಣಾ, ಏನ್ ಮಾಡಿಬಿಟ್ರಿ? ನಿಮ್ಮನೆ ಕೊರಳು ನಿಮ್ಮನೆಗೇ ಸೇರ್ಲಿ ಅಂತ ನಾನು ಕಳಿಸಿದ್ರೆ ತಿರುಗಾ ನನ್ನ ಅಂಗಡೀಲಿ ಬಂದು ಕೂತೈತಲ್ಲ!”

“ಹಿಂತಿರುಗಿಸುವ ಬಾಣ ಒತ್ತಿದೆ ತಾಯಿ.”

“ಹಿಂತಿರುಗಿಸಿದ್ರೆ ಯಾರಿಗೆ ಹೋಗ್ತದೆ? ನಿಮಗೆ ಕಳಿಸಿದೋಳು ನಾನು ತಾನೆ? ನನಗೇ ಬರ್ತದೆ.” ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. “ನಂದೂ ತಪ್ಪು ಅಣ್ಣಾ. ಖುಷೀಲಿ ಯೋಚ್ನೆ ಮಾಡ್ಲಿಲ್ಲ. ಗುರುಸಿದ್ದಪ್ಪನಿಂದ ಬಂದದ್ದನ್ನ ನಾನು ಗುರುಸಿದ್ದಪ್ಪನಿಗೇ ಎಡಕ್ಕೆ ಬಿಡಬೇಕಿತ್ತು. ಕೈತಪ್ಪಿ ಹೊಲಿದ ರವಿಕೆ ಅಲ್ವಾ ಇದು, ಕೊನೇ ಟಾಕಿನಿಂದ ಬಿಚ್ಕೊಂಡು ಹೋಗ್ಬೇಕು. ನಾನು ಅವನಿಗೆ ಬಿಡ್ತೀನಿ. ಅವನು ಅವನಿಗೆ ಕಳಿಸಿದೋರಿಗೆ ಬಿಡ್ಲಿ. ಅವನಿಗೆ ಕಳಿಸಿದೋರು ಯಾರು?”

“ತುಂಗಕ್ಕ” ಎಂದೆ.

ಮೆಹಬೂಬಿ ಅಂಬುಜಳ ಮುಖ ನೋಡಿದಳು. ಊರಿನಲ್ಲಿ ತುಂಗಕ್ಕನ ಪದ್ಧತಿ ಗೊತ್ತಿಲ್ಲದವರಿಲ್ಲ. “ಯಾ ಅಲ್ಲಾ” ಎಂದಷ್ಟೇ ಹೇಳಿ ಅಂಬುಜಳ ಕೈಯನ್ನು ತನ್ನ ಕೈಯಲ್ಲಿ ಒತ್ತಿ ಹಿಡಿದಳು.

ಆದರೂ ಅವಳು ತಡಮಾಡಲಿಲ್ಲ. ನಾನು ಗಾಣಕ್ಕೆ ಹೋಗುವಷ್ಟರಲ್ಲಿ ಕೊರಳು ಅಲ್ಲಿಗೆ ಬಂದಿತ್ತು. ಗುರುಸಿದ್ದಪ್ಪ ಎಣ್ಣೆಗೈಯನ್ನು ಬೂದಿಯಲ್ಲಿ ಉಜ್ಜಿ ತೊಳೆದು ಬಂದು ಕಂಪ್ಯೂಟರಿನ ಮುಂದೆ ನಿಂತ. “ಇನ್ನೊಂದು ಸಲ ಕೇಳ್ಕೊಳ್ಲಾ ಸ್ವಾಮಿ?” ಎಂದ. ಬೇಡವೆಂದು ನನ್ನ ಮುಖವೇ ಹೇಳಿರಬೇಕು. “ಬಿಡಿ, ಸವೆದೀತು” ಎಂದು ತಾನೇ ಹೇಳಿಕೊಂಡು ಎಡಬಾಣ ಒತ್ತಿದ. ಒತ್ತಿದ ಮೇಲೆ ಎತ್ತಿನ ಕಡೆ ತೋರಿಸಿ, “ಅಕ್ಕಯ್ಯನಿಗೆ ಹೇಳಿ ಸ್ವಾಮಿ. ಇವನು ಹುಟ್ಟಿದಾಗಿಂದ ಎಡಕ್ಕೇ ಸುತ್ತುತಾವ್ನೆ. ಸತ್ತಿಲ್ಲ. ಅವನು ಸುತ್ತಿದ ಎಣ್ಣೇಲೇ ಆಯಮ್ಮ ದೇವರಿಗೆ ದೀಪ ಹಚ್ಚೋದು” ಎಂದ.

ಆ ಮಾತನ್ನು ಜೋಪಾನವಾಗಿ ತೆಗೆದುಕೊಂಡು, ಅಂಬುಜಳನ್ನೂ ಕರೆದುಕೊಂಡು ನಡುಮಧ್ಯಾಹ್ನ ತುಂಗಕ್ಕನ ಮನೆಗೆ ಹೋದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಮನಸ್ಸಿನಲ್ಲಿ ಜೋಡಿಸಿಕೊಂಡೆ. ನಾನು ಒಂದೇ ಸಲಕ್ಕೆ ನಾಲ್ಕು ವಾಕ್ಯ ಆಡಿದವನಲ್ಲ. ಆ ದಿನ ತುಂಗಕ್ಕನ ಮುಂದೆ ಕೂತು ಎಲ್ಲವನ್ನೂ ಹೇಳಿದೆ. ಬಲಬಾಣ ಸುತ್ತುವುದಿಲ್ಲ, ದೂರ ಮಾಡುತ್ತದೆ ಎಂದೆ. ಕೊರಳು ಮೂರು ಮನೆ ಅಲೆದು ಈಗ ನಿಮ್ಮ ಮನೆಯಲ್ಲೇ ಬಂದು ಕೂತಿದೆ ಎಂದೆ. ಕೊನೆಯ ಗುರು ಲಘುವಾಗಿದೆ, ಇನ್ನೂ ತಡವಾದರೆ ಉಳಿದ ಗುರುಗಳೂ ಒಂದೊಂದಾಗಿ ಸವೆಯುತ್ತವೆ, ಆಮೇಲೆ ಅಂಬುಜ ಓದುವುದಿಲ್ಲ, ಯಾವತ್ತಿಗೂ ಓದುವುದಿಲ್ಲ ಎಂದೆ. ನೀವು ಒಮ್ಮೆ ಎಡಬಾಣ ಒತ್ತಿದರೆ ಸಾಕು ಎಂದು ಎತ್ತಿನ ಮಾತನ್ನೂ ಹೇಳಿದೆ.

“ಎತ್ತಿಗೇನು ಮಡಿ, ಎತ್ತಿಗೇನು ಮೈಲಿಗೆ?” ಎಂದಳು ತುಂಗಕ್ಕ. ಆದರೆ ಆ ಮಾತಿನಲ್ಲಿ ಖಾರವಿರಲಿಲ್ಲ. ಮುಖ ಬಿಳಿಚಿತ್ತು. “ನನಗೆ ಗೊತ್ತಾಗಲಿಲ್ಲವೇ ಅಂಬೂ. ಸುತ್ತಿ ಬರುತ್ತೆ ಅಂದ್ಕೊಂಡೆ. ದೇವರಾಣೆ, ಸುತ್ತಿ ಬರುತ್ತೆ ಅಂದ್ಕೊಂಡೆ.”

ಅಂಬುಜ ಅಕ್ಕನ ಗಲ್ಲ ಹಿಡಿದಳು. ಕೋಪವಿಲ್ಲ ಎಂದು ತಲೆಯಾಡಿಸಿದಳು. ಕಂಪ್ಯೂಟರಿನ ಕಡೆ ಕೈ ತೋರಿಸಿದಳು.

ತುಂಗಕ್ಕ ಹೊದಿಕೆ ತೆಗೆದಳು. ಬೆರಳು ಚಾಚಿದಳು. ಹಿಂದಕ್ಕೆ ಎಳೆದುಕೊಂಡಳು.

“ನನ್ನ ಕೈಲಾಗೊಲ್ಲ” ಎಂದಳು. “ನಿಮಗೆ ಇದು ಮುದುಕೀ ಹಟ. ನಾನು ಕಂಡದ್ದು ನಿಮಗೆ ಗೊತ್ತಿಲ್ಲ. ನಿಮ್ಮ ಭಾವನವರು ಹೋದಾಗ ಹೆಂಗಸರು ಬರಬಾರದು ಅಂದ್ರು. ನಾನು ಕೇಳಲಿಲ್ಲ. ಹಿಂದೇನೇ ಹೋಗಿ ಬೇಲಿ ಆಚೆ ನಿಂತೆ. ಮೈದುನ ಮಡಕೆ ಹೊತ್ತು ಎಡಕ್ಕೆ ಸುತ್ತಿದ. ಅವನು ಎಡಕ್ಕೆ ಕಾಲು ಎತ್ತಿಡೋವರೆಗೂ ಇವರು ಎದ್ದು ಕೂರ್ತಾರೆ ಅಂತಲೇ ನಾನು ಕಾಯ್ತಾ ಇದ್ದೆ. ಎಡಕ್ಕೆ ತಿರುಗಿದನಲ್ಲ, ಆಗ ಮುಗೀತು. ಇನ್ನು ಏಳೊಲ್ಲ ಅಂತ ಆಗ ಗೊತ್ತಾಯ್ತು. ಈ ಬಾಣ ನೋಡಿದಾಗೆಲ್ಲ ಅವನ ಆ ಕಾಲು ಕಾಣುತ್ತೆ ನನಗೆ. ಬದುಕಿರೋ ನನ್ನ ತಂಗಿ ಹೆಸರಲ್ಲಿ ಅದನ್ನ ಹೇಗೆ ತಿರುಗಿಸಲೇ? ಮೂಗಿಯಾದ್ರೂ ಇರ್ಲಿ. ನನ್ನ ಕಣ್ಮುಂದೆ ಇರ್ಲಿ. ಹೋಗೋದು ಬೇಡ.”

ಅಷ್ಟು ಹೇಳಿ ಆಕೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಇದು ಹಟವಾಗಿದ್ದರೆ ಮುರಿಯಬಹುದಿತ್ತು. ತಂಗಿಯನ್ನು ಕಾಪಾಡುತ್ತಿದ್ದೇನೆಂದು ನಂಬಿದವಳ ಕೈಯನ್ನು ಯಾರು ತಾನೆ ಹಿಡಿದು ಒತ್ತಿಸಿಯಾರು? ಒತ್ತಿಸಿದರೂ ಅದು ಅವಳು ಒತ್ತಿದ್ದಾಗುವುದಿಲ್ಲ, ಬಾಣ ಬಗ್ಗುವುದಿಲ್ಲ.

ಅಂಬುಜ ಅಕ್ಕನನ್ನೇ ನೋಡುತ್ತ ನಿಂತಿದ್ದಳು. ಆಮೇಲೆ ಒಳಗೆ ಹೋದಳು. ನೀರು ತರಲು ಹೋದಳು ಎಂದುಕೊಂಡೆ. ಬಂದಾಗ ಅವಳ ಕೈಯಲ್ಲಿ ಒಂದು ಹಿಡಿ ದರ್ಭೆ ಇತ್ತು, ದೇವರ ಕೋಣೆಯದು. ನಡುಮನೆಯ ನೆಲವನ್ನು ಸೆರಗಿನಿಂದ ಒರೆಸಿದಳು. ದರ್ಭೆ ಹರಡಿದಳು. ಬಳೆ ಮೇಲಕ್ಕೆ ಸರಿಸಿಕೊಂಡಳು. ದಕ್ಷಿಣಕ್ಕೆ ಕಾಲು ನೀಡಿ ಮಲಗಿದಳು. ಎರಡು ಪಾದಗಳ ಹೆಬ್ಬೆರಳನ್ನು ಒಂದಕ್ಕೊಂದು ಜೋಡಿಸಿ, ಕೈಗಳನ್ನು ಎದೆಯ ಮೇಲಿಟ್ಟು ಕಣ್ಣು ಮುಚ್ಚಿದಳು.

ನನಗೆ ಮೊದಲು ಅರ್ಥವಾಗಲಿಲ್ಲ. ಮುತ್ತೈದೆ, ನನ್ನ ಹೆಂಡತಿ, ಬೆಳಿಗ್ಗೆ ನನಗೆ ಉಪ್ಪಿಟ್ಟು ಬಡಿಸಿದವಳು ಹೆಣದ ಹಾಗೆ ಮಲಗಿದ್ದಳು. ಬದುಕಿರುವವಳ ಹೆಸರಲ್ಲಿ ಒತ್ತಲಾರೆ ಎಂದೆಯಲ್ಲ ಅಕ್ಕ, ಇಗೋ, ನಾನು ಸತ್ತಿದ್ದೇನೆ, ಈಗ ತಿರುಗಿಸು. ಒಂದು ಮಾತೂ ಇಲ್ಲದೆ ಇಷ್ಟನ್ನೂ ಹೇಳಿದ್ದಳು. “ಏಳು” ಎಂದೆ. “ಅಂಬೂ, ಏಳು, ಬೇಡ” ಎಂದೆ.

ತುಂಗಕ್ಕ ಸೆರಗು ತೆಗೆದು ನೋಡಿದಳು.

ಆ ಕೂಗನ್ನು ನಾನು ಬರೆಯಲಾರೆ. ಬಾವಿಯೊಳಗೆ ಕೊಡ ಬಿದ್ದ ಹಾಗೆ ಒಂದು ಸಲ, ಆಮೇಲೆ ಎದೆ ಬಡಿದುಕೊಂಡು ಮೇಲಿಂದ ಮೇಲೆ. ಮುರಿದ ಪಾದವನ್ನು ಮಣೆಯಿಂದ ಕೆಳಗೆ ಹಾಕಿ ತೆವಳಿಕೊಂಡು ಬಂದು ತಂಗಿಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದಳು. ಅಂಬುಜ ರೆಪ್ಪೆ ಅಲ್ಲಾಡಿಸಲಿಲ್ಲ. “ಏಳೇ! ಎಂಥ ಆಟವೇ ಇದು? ನನ್ನ ಹೊಟ್ಟೆ ಉರಿಸಬೇಡವೇ, ಏಳೇ ಮುಂಡೇದೆ!” ಎಂದು ಗದರಿದಳು, ಬೇಡಿದಳು, ಕೆನ್ನೆಗೆ ಹೊಡೆದಳು. ಅಂಬುಜ ಏಳಲಿಲ್ಲ. ಗದರಿಕೆ ಕರಗುತ್ತ ಹೋಗಿ ನಿಜವಾದ ಅಳುವಾಯಿತು. “ನಿನ್ನ ತೊಟ್ಟಿಲು ತೂಗಿದ್ದು ನಾನು ಕಣೇ. ನಿನಗೆ ಮೊದಲ ಪದ್ಯ ಬಾಯಿಪಾಠ ಮಾಡಿಸಿದ್ದು ನಾನು ಕಣೇ” ಎಂದು ಸತ್ತವರ ಮುಂದೆ ಹೇಳಿಕೊಂಡು ಅಳುವ ಹಾಗೆಯೇ ಅತ್ತಳು. ನೆರೆಮನೆಯ ಹೆಂಗಸರು ಬಾಗಿಲಿಗೆ ಬಂದು ನಿಂತರು. ಒಬ್ಬಳು ನಿಜವೆಂದೇ ತಿಳಿದು ತಲೆಯ ಹೂವು ತೆಗೆದ ನೆನಪು.

ಅಳುತ್ತ ಅಳುತ್ತಲೇ ತುಂಗಕ್ಕ ಗೋಡೆ ಹಿಡಿದು ಎದ್ದಳು. ಯಾರ ಆಸರೆಯನ್ನೂ ತೆಗೆದುಕೊಳ್ಳದೆ ಕುಂಟುತ್ತ ಕಂಪ್ಯೂಟರಿನವರೆಗೆ ಹೋದಳು. ಸಾವಿನ ಕ್ರಿಯೆಯಲ್ಲಿ ಗಂಡಸರು ಜನಿವಾರ ಬದಲಿಸುವ ಹಾಗೆ ಸೆರಗನ್ನು ಎಡ ಹೆಗಲಿನಿಂದ ಬಲ ಹೆಗಲಿಗೆ ಬದಲಾಯಿಸಿಕೊಂಡಳು. “ಹೋಗಿ ಬಾರವ್ವ” ಎಂದಳು. ಎಡಕ್ಕೆ ಬಾಗಿದ ಬಾಣವನ್ನು ಒತ್ತಿದಳು.

ಅಂಬುಜ ಮಲಗಿದ್ದ ಹಾಗೆಯೇ ಇದ್ದಳು. ನಾನು ಅವಳ ಎದೆಯನ್ನೇ ನೋಡುತ್ತಿದ್ದೆ. ಅದು ಏರುತ್ತಿಲ್ಲ, ಇಳಿಯುತ್ತಿಲ್ಲ ಎನ್ನಿಸಿತು. ತುಂಗಕ್ಕನ ಮಾತೇ ನಿಜವಾಯಿತು, ನಾವು ನಗುತ್ತಿದ್ದ ಮಾತೇ ನಿಜವಾಯಿತು ಎಂದು ನನ್ನ ಕಿವಿಯೊಳಗೆ ಯಾರೋ ಹೇಳಿದ ಹಾಗಾಯಿತು. ತುಂಗಕ್ಕ ಕಂಪ್ಯೂಟರಿಗೆ ಬೆನ್ನು ಕೊಟ್ಟು, ತಿರುಗಿ ನೋಡಲು ಹೆದರಿ, ಗೋಡೆಯ ಕಡೆ ಮುಖ ಮಾಡಿ ನಿಂತಿದ್ದಳು.

“ಅಕ್ಕಾ,” ಎಂದಿತು ನೆಲದ ಮೇಲಿನ ದನಿ, “ನೆಲ ಕೊರೀತಿದೆ ಕಣೇ. ಎಬ್ಬಿಸೇ.”

ಬಾಗಿಲಲ್ಲಿದ್ದ ಹೆಂಗಸರಲ್ಲಿ ಒಬ್ಬಳು ಕಿರುಚಿ ಓಡಿಹೋದಳು. ದನಿ ಒರಟಾಗಿತ್ತು, ಧೂಳು ತಿಂದಿತ್ತು, ಆದರೆ ಅವಳದೇ. ತುಂಗಕ್ಕ ತಂಗಿಯನ್ನು ಎಬ್ಬಿಸಿದಳೋ ತಂಗಿಯ ಮೇಲೆ ಬಿದ್ದಳೋ ನಾನು ಹೇಳಲಾರೆ. ಇಬ್ಬರೂ ದರ್ಭೆಯ ಮೇಲೆ ಉರುಳಿಕೊಂಡು ಅತ್ತರು, ನಕ್ಕರು, ಬೈದುಕೊಂಡರು. “ನಿನ್ನ ಬಾಯಿಗೆ ಬೆಂಕಿ ಹಾಕ” ಎಂದು ಅಕ್ಕ ಬೈದರೆ, “ಬಾಯಿ ಈಗ ತಾನೆ ಬಂದಿದೆ, ಇರಲಿ ಬಿಡೇ” ಎಂದು ತಂಗಿ ನಕ್ಕಳು.

ಅಷ್ಟಕ್ಕೆ ಮುಗಿಯಲಿಲ್ಲ. ತುಂಗಕ್ಕನ ಪಾಲಿಗೆ ಅದು ನಾಟಕವಾಗಿರಲಿಲ್ಲ. ತಂಗಿ ಸತ್ತಳು, ತಾನೇ ಕಳಿಸಿಕೊಟ್ಟಳು, ಅವಳು ಮರಳಿ ಬಂದಳು. ಹಾಗೆ ಬಂದವರನ್ನು ಹಳೆಯ ಹೆಸರಿನಲ್ಲಿ ಕರೆಯಬಾರದು, ಹೊಸದಾಗಿ ಹುಟ್ಟಿದರೆಂದು ಎಣಿಸಿ ಹೆಸರಿಡಬೇಕು ಎಂದು ಪಟ್ಟು ಹಿಡಿದಳು. ಇಬ್ಬರೂ ಬಾವಿಯ ನೀರು ಹೊಯ್ದುಕೊಂಡು ಒದ್ದೆ ತಲೆಯಲ್ಲಿ ಬಂದರು. ತುಂಗಕ್ಕ ತಂಗಿಯನ್ನು ಮಣೆಯ ಮೇಲೆ ಕೂರಿಸಿ, ನಾಲಗೆಗೆ ಜೇನು ಸವರಿ, ತಲೆಯನ್ನು ತನ್ನ ತೊಡೆಗೆ ಒರಗಿಸಿಕೊಂಡು, ಅವಳ ಬಲಗಿವಿಗೆ ಬಾಯಿಟ್ಟು ಹೆಸರು ಹೇಳಿದಳು.

ನಾನು ಎರಡು ಮಾರು ದೂರದಲ್ಲಿ ಕೂತಿದ್ದೆ. ಒಂದಿಷ್ಟೂ ಕೇಳಿಸಲಿಲ್ಲ.

ಮನೆಗೆ ನಡೆದು ಬರುವಾಗ ಬಿಸಿಲು ಇಳಿದಿತ್ತು. ಅಂಬುಜ ದಾರಿಯುದ್ದಕ್ಕೂ ಏನೇನೋ ಮಾತಾಡುತ್ತಿದ್ದಳು, ಸಾಲಾಗಿದ್ದ ಬೇಲಿ, ಬಸಳೆ ಚಪ್ಪರ, ಮೆಹಬೂಬಿಗೆ ಕೊಡಬೇಕಾದ ಸೀರೆ ಎಲ್ಲದರ ಬಗ್ಗೆಯೂ. ಕೆರೆ ಏರಿಯ ಮೇಲೆ ನಾನು ನಿಂತೆ. ಜನ್ಮದಲ್ಲಿ ಅವಳು ತಾನಾಗಿ ಹೇಳದ್ದನ್ನು ಕೆದಕಿ ಕೇಳಿದವನಲ್ಲ ನಾನು, ಕೇಳದೆಯೇ ಕೇಳಿಸಿಕೊಂಡವನು. ಆದರೂ ಕೇಳಿದೆ. “ಅಕ್ಕ ನಿನಗೆ ಏನು ಹೆಸರಿಟ್ಟರು?”

ಅವಳು ಒದ್ದೆ ಕೂದಲನ್ನು ಕಿವಿಯ ಹಿಂದೆ ಸೇರಿಸಿಕೊಂಡಳು. ನನ್ನನ್ನು ನೋಡಿ ನಕ್ಕಳು.

“ಅದು ನನ್ನ ಹೆಸರಿಗೆ ಬಂದದ್ದು ಕಣ್ರೀ,” ಎಂದಳು. “ಮುಂದಕ್ಕೆ ಕಳಿಸೋದಿಲ್ಲ.”